ತಿರುಗಿ ಕೇಳದ ಯಂತ್ರಕ್ಕೆ ಬರೆದಾಕೆ

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ರಿವ್ಯೂಗೆ ಇನ್ನೊಂದೇ ದಿನ ಬಾಕಿ. ನಮ್ಮದು ನಾಲ್ಕು ಜನರ ತಂಡ. ವಿಭಾಗದ ಪುಟ್ಟ ಗ್ರಂಥಾಲಯದ ಲೆಕ್ಕ ನೋಡಿಕೊಳ್ಳುವ ಎಐ ಏಜೆಂಟ್ ಒಂದನ್ನು ಮಾಡಿದ್ದೆವು. ಯಾವ ಪುಸ್ತಕ ಯಾರ ಹತ್ತಿರ ಇದೆ ಎಂದು ಕೇಳಿದರೆ ಅದು ಹೇಳಬೇಕು, ವಾಪಸ್ ಕೊಡುವ ದಿನಾಂಕ ಬದಲಿಸು ಎಂದರೆ ಬದಲಿಸಬೇಕು. ಕೊನೆಯ ಪರೀಕ್ಷೆ ಎಂದುಕೊಂಡು, ನಲವತ್ತು ಪುಸ್ತಕಗಳ ದಿನಾಂಕವನ್ನು ಒಂದು ವಾರ ಮುಂದಕ್ಕೆ ಹಾಕಲು ಅದಕ್ಕೆ ಹೇಳಿದೆವು. ಹಾಕಿತು. ದಿನಾಂಕಗಳೆಲ್ಲ ಸರಿಯಾಗಿದ್ದವು. ಆದರೆ ಪುಸ್ತಕ ಒಯ್ದವರ ಹೆಸರುಗಳಿದ್ದ ಅಂಕಣ ಪೂರ್ತಿ ಖಾಲಿ!

ತಪ್ಪು ಏಜೆಂಟ್‌ನದಲ್ಲ, ನನ್ನದು. ಇಂಥ ಏಜೆಂಟ್‌ಗೆ ನಾವು ಬರೆದ ಕೋಡ್‌ನ ಒಳಗು ಕಾಣುವುದಿಲ್ಲ. ಅದಕ್ಕೆ ನಾವು ಕೊಡುವುದು ಪ್ರತಿ ಟೂಲ್‌ನ ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ ಮತ್ತು ಅದಕ್ಕೆ ಯಾವ ಯಾವ ಮಾಹಿತಿ ಬೇಕು ಎಂಬ ಪಟ್ಟಿ. ಇಷ್ಟನ್ನು ಓದಿ, ಯಾವ ಟೂಲನ್ನು ಯಾವಾಗ ಹೇಗೆ ಬಳಸಬೇಕು ಎಂದು ಅದು ತೀರ್ಮಾನಿಸುತ್ತದೆ. ನಾನು ಬರೆದ ವಿವರಣೆ ಒಂದೇ ಸಾಲು: ಪುಸ್ತಕದ ದಾಖಲೆಯನ್ನು ಅಪ್‌ಡೇಟ್ ಮಾಡುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ ಎಂಬುದನ್ನು ಬರೆದಿರಲಿಲ್ಲ. ಏಜೆಂಟ್ ದಿನಾಂಕ ತುಂಬಿತು, ಉಳಿದದ್ದನ್ನು ಖಾಲಿ ಬಿಟ್ಟಿತು.

ನಮ್ಮ ತಂಡದಲ್ಲಿ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದ ಗೆಳತಿಯೊಬ್ಬಳಿದ್ದಾಳೆ. ಕೋಡಿಂಗ್ ನಾವು ಮೂವರು ಹಂಚಿಕೊಂಡು, ಡಾಕ್ಯುಮೆಂಟೇಷನ್ ಕೆಲಸವನ್ನು ಅವಳ ಮೇಲೆ ಹಾಕಿದ್ದೆವು. ಹಾಕುವಾಗ ಅದೊಂದು ಕೆಲಸವೆಂದು ನಮಗೆ ಅನ್ನಿಸಿರಲೂ ಇಲ್ಲ. ಒಂದು ವಾರದ ಹಿಂದೆಯೇ ಅವಳು ಬಂದು, ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದಳು. ಅಷ್ಟೂ ಗೊತ್ತಾಗುವುದಿಲ್ಲವಾ ಎಂದು ನಾನು ನಕ್ಕು ಕಳಿಸಿದ್ದೆ. ಆ ರಾತ್ರಿ ನಮ್ಮನ್ನು ಉಳಿಸಿದ್ದು ಅವಳ ಪೆನ್ ಡ್ರೈವ್‌ನಲ್ಲಿದ್ದ ಹಳೆಯ ಪ್ರತಿ. ಡೇಟಾ ವಾಪಸ್ ತುಂಬುತ್ತಾ ಕೂತಿದ್ದಾಗ, ರಿಪೋರ್ಟ್‌ನ ಮುನ್ನುಡಿಗೆಂದು ಹುಡುಕಿಟ್ಟಿದ್ದ ಒಂದು ಕೋಷ್ಟಕವನ್ನು ಅವಳು ತೋರಿಸಿದಳು. 1843ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕೋಷ್ಟಕ. ಬರೆದವರು ಏಡಾ ಲವ್‌ಲೇಸ್.

ಮೊದಲ ಕಂಪ್ಯೂಟರ್ ಪ್ರೋಗ್ರಾಮರ್ ಎಂಬ ಒಂದೇ ಸಾಲಿನಲ್ಲಿ ನಾವೆಲ್ಲ ಓದಿ, ಕ್ವಿಜ್‌ನಲ್ಲಿ ಉತ್ತರಿಸಿ, ಮರೆತುಬಿಟ್ಟಿರುವ ಹೆಸರು. ಆ ಕೋಷ್ಟಕ ನೋಡಿದ ಮೇಲೆ ಅವರ ಬದುಕನ್ನು ಕೂತು ಓದಿದೆ.

ಏಡಾ ಹುಟ್ಟಿದ್ದು 1815ರ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಇಂಗ್ಲಿಷಿನ ಪ್ರಸಿದ್ಧ ಕವಿ ಲಾರ್ಡ್ ಬೈರನ್. ತಾಯಿ ಆನಬೆಲ್ಲಾ, ಗಣಿತ ಕಲಿತ ಶ್ರೀಮಂತ ಮನೆತನದ ಹೆಣ್ಣುಮಗಳು. ಇಬ್ಬರ ಸಂಸಾರ ಒಂದು ವರ್ಷವೂ ಸರಿಯಾಗಿ ನಡೆಯಲಿಲ್ಲ. ಮಗುವಿಗೆ ಒಂದು ತಿಂಗಳಾದಾಗ ತಾಯಿ ಗಂಡನ ಮನೆ ಬಿಟ್ಟು ತವರಿಗೆ ಹೋದರು. 1816ರ ಏಪ್ರಿಲ್‌ನಲ್ಲಿ ಬೈರನ್ ಇಂಗ್ಲೆಂಡನ್ನೇ ಬಿಟ್ಟರು, ಮತ್ತೆ ಮರಳಲಿಲ್ಲ. 1824ರಲ್ಲಿ ಗ್ರೀಸ್‌ನಲ್ಲಿ ಅವರು ತೀರಿಕೊಂಡಾಗ ಏಡಾಗೆ ಎಂಟು ವರ್ಷ. ತಂದೆಯ ಮುಖದ ನೆನಪೂ ಆ ಮಗುವಿಗೆ ಇರಲಿಲ್ಲ.

ಗಂಡನ ಚಂಚಲ ಸ್ವಭಾವ ಮಗಳಿಗೆ ಬರಬಾರದು ಎಂಬುದು ತಾಯಿಯ ಹಟ. ಅದಕ್ಕೆ ಅವರು ಕಂಡುಕೊಂಡ ಮದ್ದು ಗಣಿತ. ಚಿಕ್ಕಂದಿನಿಂದಲೇ ಮನೆಗೆ ಮೇಷ್ಟ್ರುಗಳನ್ನು ಕರೆಸಿ ಲೆಕ್ಕ, ವಿಜ್ಞಾನ ಹೇಳಿಸಿದರು. ಆದರೆ ಕಲ್ಪನೆಯನ್ನು ಗಣಿತದಿಂದ ಕಟ್ಟಿಹಾಕಲು ಆಗುತ್ತದೆಯೇ? ಹನ್ನೆರಡರ ವಯಸ್ಸಿನಲ್ಲಿ ಆ ಹುಡುಗಿಗೆ ಹಾರುವ ಹುಚ್ಚು ಹಿಡಿಯಿತು. ಹಕ್ಕಿಗಳ ರೆಕ್ಕೆಯ ಅಳತೆ ನೋಡುವುದು, ತನಗೆ ಎಷ್ಟು ದೊಡ್ಡ ರೆಕ್ಕೆ ಬೇಕಾದೀತು ಎಂದು ಲೆಕ್ಕ ಹಾಕುವುದು, ಅದನ್ನೆಲ್ಲ ತಾಯಿಗೆ ಪತ್ರದಲ್ಲಿ ಬರೆಯುವುದು ನಡೆದಿತ್ತು. ಅದರ ಬೆನ್ನಿಗೇ, 1829ರಲ್ಲಿ, ದಡಾರ ಬಂದು ಕಾಲುಗಳ ಶಕ್ತಿ ಹೋಯಿತು. ಬಹುಕಾಲ ಹಾಸಿಗೆಯಲ್ಲಿ ಕಳೆದು, ಊರುಗೋಲು ಹಿಡಿದು ನಡೆಯುವಂತಾಗಲು ಎರಡು ವರ್ಷ ಹಿಡಿಯಿತು. ಆ ದಿನಗಳಲ್ಲೂ ಓದು ನಿಲ್ಲಲಿಲ್ಲ.

ಆಗಿನ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಏಡಾ ಕಲಿತದ್ದೆಲ್ಲ ಮನೆಯಲ್ಲಿ, ಪತ್ರಗಳಲ್ಲಿ, ತಿಳಿದವರ ಒಡನಾಟದಲ್ಲಿ. ವಿಜ್ಞಾನ ಲೇಖಕಿ ಮೇರಿ ಸಾಮರ್‌ವಿಲ್ ಅವರಿಗೆ ಹಿರಿಯ ಗೆಳತಿಯಾದರು. 1833ರ ಜೂನ್‌ನಲ್ಲಿ, ಹದಿನೇಳರ ಏಡಾ ಒಂದು ಔತಣಕೂಟದಲ್ಲಿ ಚಾರ್ಲ್ಸ್ ಬ್ಯಾಬೇಜ್ ಅವರನ್ನು ಭೇಟಿಯಾದರು. ಬ್ಯಾಬೇಜ್‌ಗೆ ಆಗ ನಲವತ್ತೊಂದು. ಗಣಿತದ ಕೋಷ್ಟಕಗಳನ್ನು ತಪ್ಪಿಲ್ಲದೆ ಲೆಕ್ಕ ಹಾಕುವ ಡಿಫರೆನ್ಸ್ ಎಂಜಿನ್ ಎಂಬ ಯಂತ್ರದ ಒಂದು ಭಾಗವನ್ನು ಅವರು ಜೋಡಿಸಿ ಮನೆಯಲ್ಲಿ ಇಟ್ಟಿದ್ದರು. ನೋಡಲು ಬಂದ ದೊಡ್ಡ ಮನುಷ್ಯರೆಲ್ಲ ತಿರುಗುವ ಹಿತ್ತಾಳೆಯ ಚಕ್ರಗಳನ್ನು ಕಂಡು ಬೆರಗಾಗಿ ಹೋಗುತ್ತಿದ್ದರು. ಏಡಾ ಅದರ ನಕ್ಷೆಗಳನ್ನು ಕೇಳಿ ತರಿಸಿಕೊಂಡು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ಕೂತರು.

ಮರುವರ್ಷ, 1834ರಲ್ಲಿ, ಬ್ಯಾಬೇಜ್‌ಗೆ ಇನ್ನೂ ದೊಡ್ಡ ಯಂತ್ರವೊಂದು ಹೊಳೆಯಿತು. ಅದರ ಹೆಸರು ಅನಲಿಟಿಕಲ್ ಎಂಜಿನ್. ಒಂದೇ ಬಗೆಯ ಲೆಕ್ಕಕ್ಕೆ ಅಂಟಿಕೊಳ್ಳದೆ, ಕೊಟ್ಟ ಆದೇಶದಂತೆ ಯಾವ ಲೆಕ್ಕವನ್ನಾದರೂ ಮಾಡುವ ಯಂತ್ರ ಅದು. ಸಂಖ್ಯೆಗಳನ್ನು ಇಟ್ಟುಕೊಳ್ಳಲು ಸ್ಟೋರ್, ಲೆಕ್ಕ ಮಾಡಲು ಮಿಲ್. ಇಂದಿನ ಮೆಮೊರಿ ಮತ್ತು ಪ್ರೊಸೆಸರ್ ಎಂದುಕೊಳ್ಳಿ. ಆದೇಶ ಕೊಡಲು ತೂತು ಕೊರೆದ ರಟ್ಟಿನ ಕಾರ್ಡುಗಳು. ಈ ಕಾರ್ಡಿನ ಉಪಾಯವನ್ನು ಅವರು ಎರವಲು ತಂದದ್ದು ಫ್ರಾನ್ಸಿನ ಜಕಾರ್ಡ್ ಮಗ್ಗದಿಂದ.

ಇಲ್ಲಿ ನನಗೆ ನಮ್ಮೂರು ನೆನಪಾಯಿತು. ನಾನು ದೊಡ್ಡಬಳ್ಳಾಪುರದವನು. ಸೀರೆಯ ಮಗ್ಗಗಳ ಮೇಲೆ ಸರಪಳಿಯಂತೆ ತೂಗುವ ಜಕಾರ್ಡ್ ಕಾರ್ಡುಗಳನ್ನು ನೋಡುತ್ತಲೇ ಬೆಳೆದೆ. ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ತೂತು ತಪ್ಪಾದರೆ ಸೆರಗಿನುದ್ದಕ್ಕೂ ಅದೇ ತಪ್ಪು ಮತ್ತೆ ಮತ್ತೆ ಬೀಳುತ್ತದೆ. ಇದು ನವಿಲಿನ ಕತ್ತಲ್ಲವೇ, ಇಲ್ಲೇಕೆ ಎಳೆ ಬಿಟ್ಟಿದೆ ಎಂದು ಮಗ್ಗ ನಿಂತು ಕೇಳುವುದಿಲ್ಲ. ಕೇಳಬೇಕಾದವರು ಮಗ್ಗದ ಮುಂದೆ ಕೂತ ಮನುಷ್ಯರು.

1835ರಲ್ಲಿ ಏಡಾ ವಿಲಿಯಂ ಕಿಂಗ್ ಅವರನ್ನು ಮದುವೆಯಾದರು. 1838ರಲ್ಲಿ ಗಂಡನಿಗೆ ಅರ್ಲ್ ಆಫ್ ಲವ್‌ಲೇಸ್ ಎಂಬ ಪದವಿ ಬಂದು, ಇವರು ಲೇಡಿ ಲವ್‌ಲೇಸ್ ಆದರು. 1836ರಿಂದ 1839ರ ನಡುವೆ ಮೂರು ಮಕ್ಕಳು. ಮನೆ, ಮಕ್ಕಳು, ಆಗಾಗ ಕೈಕೊಡುವ ಆರೋಗ್ಯ. ಇದರ ನಡುವೆ 1840ರಲ್ಲಿ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಅವರಿಂದ ಮತ್ತೆ ಗಣಿತ ಕಲಿಯಲು ಶುರು ಮಾಡಿದರು. ನಾವು ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಓದುವ ಡಿ ಮಾರ್ಗನ್ ನಿಯಮಗಳ ಅದೇ ಡಿ ಮಾರ್ಗನ್. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಬರೆದು ಕೇಳುತ್ತಿದ್ದ ಪತ್ರಗಳು ಈಗಲೂ ಉಳಿದಿವೆ. ಸಣ್ಣದೊಂದು ಹೆಜ್ಜೆ ಬಿಟ್ಟುಹೋಗಿದ್ದರೂ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ.

ಅದೇ 1840ರಲ್ಲಿ ಬ್ಯಾಬೇಜ್ ಇಟಲಿಯ ಟ್ಯೂರಿನ್‌ಗೆ ಹೋಗಿ ಅನಲಿಟಿಕಲ್ ಎಂಜಿನ್ ಬಗ್ಗೆ ಮಾತನಾಡಿದರು. ವಿಚಿತ್ರವೆಂದರೆ, ಯಂತ್ರವನ್ನು ತಲೆಯಲ್ಲಿ ಕಟ್ಟಿದ್ದ ಆ ಮನುಷ್ಯ ಅದರ ಬಗ್ಗೆ ಬೇರೆಯವರಿಗೆ ಅರ್ಥವಾಗುವ ಪೂರ್ಣ ವಿವರಣೆಯನ್ನು ಬರೆದು ಪ್ರಕಟಿಸಿರಲಿಲ್ಲ. ನಕ್ಷೆಗಳಿದ್ದವು, ಅವರದೇ ಸಂಕೇತಗಳಲ್ಲಿ ಬರೆದ ಟಿಪ್ಪಣಿಗಳಿದ್ದವು. ಎಲ್ಲವೂ ಅವರ ಮನೆಯಲ್ಲೇ ಇದ್ದವು. ಹತ್ತು ಹಲವು ಪ್ರಾಜೆಕ್ಟ್‌ಗಳಲ್ಲಿ ನಾವು ಕಾಣುವ ಕಥೆಯೇ ಇದು. ಕೋಡ್ ಬರೆದವನಿಗೆ ಎಲ್ಲ ಗೊತ್ತು, ಆದರೆ ಅವನು ರಜೆಯ ಮೇಲೆ ಹೋದರೆ ಯಾರಿಗೂ ಏನೂ ಗೊತ್ತಿಲ್ಲ.

ಟ್ಯೂರಿನ್‌ನಲ್ಲಿ ಕೇಳಿದ್ದನ್ನು ಲುಯಿಜಿ ಮೆನಬ್ರಿಯಾ ಎಂಬ ಯುವ ಎಂಜಿನಿಯರ್ ಫ್ರೆಂಚ್‌ನಲ್ಲಿ ಬರೆದು 1842ರಲ್ಲಿ ಪ್ರಕಟಿಸಿದರು. ಮುಂದೆ ಇವರು ಇಟಲಿಯ ಪ್ರಧಾನಿಯೂ ಆದರು. ಅದೇ 1842ರಲ್ಲಿ ಬ್ರಿಟಿಷ್ ಸರ್ಕಾರ, ಹದಿನೇಳು ಸಾವಿರ ಪೌಂಡ್‌ಗೂ ಹೆಚ್ಚು ಖರ್ಚು ಮಾಡಿದ ಮೇಲೆ, ಡಿಫರೆನ್ಸ್ ಎಂಜಿನ್‌ನಿಂದ ಕೈ ತೊಳೆದುಕೊಂಡಿತು. ಯಂತ್ರ ಕಟ್ಟಲು ಹಣವಿಲ್ಲ. ಇನ್ನು ಅದು ಉಳಿಯುವುದಿದ್ದರೆ ಕಾಗದದ ಮೇಲೆ ಮಾತ್ರ.

ಮೆನಬ್ರಿಯಾ ಲೇಖನವನ್ನು ಏಡಾ ಇಂಗ್ಲಿಷಿಗೆ ಅನುವಾದಿಸಿದರು. ಬ್ಯಾಬೇಜ್ ನೋಡಿ, ಇಷ್ಟು ತಿಳಿದ ನೀವೇ ಏಕೆ ಸ್ವಂತ ಲೇಖನ ಬರೆಯಲಿಲ್ಲ ಎಂದು ಕೇಳಿದರಂತೆ. ಅದು ತಮಗೆ ಹೊಳೆದೇ ಇರಲಿಲ್ಲ ಎಂದರು ಏಡಾ. ಹಾಗಾದರೆ ಟಿಪ್ಪಣಿಗಳನ್ನಾದರೂ ಸೇರಿಸಿ ಎಂದರು ಬ್ಯಾಬೇಜ್. 1843ರ ಬೇಸಿಗೆಯೆಲ್ಲ ಆ ಟಿಪ್ಪಣಿಗಳ ಕೆಲಸ ನಡೆಯಿತು. ಅಂಚೆಯಲ್ಲಿ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಬ್ಯಾಬೇಜ್ ತಮ್ಮನ್ನು ಕೇಳದೆ ಟಿಪ್ಪಣಿಯ ವಾಕ್ಯ ತಿದ್ದಿದಾಗ ಏಡಾ ಖಾರವಾಗಿಯೇ ಬರೆದರು. ಸರ್ಕಾರವನ್ನು ಬೈಯುವ, ಹೆಸರಿಲ್ಲದ ಮುನ್ನುಡಿಯೊಂದನ್ನು ಲೇಖನಕ್ಕೆ ಅಂಟಿಸಬೇಕೆಂದು ಬ್ಯಾಬೇಜ್ ಹಟ ಹಿಡಿದಾಗಲೂ ಅವರು ಮಣಿಯಲಿಲ್ಲ. ಏ ಯಿಂದ ಜಿ ವರೆಗಿನ ಏಳು ಟಿಪ್ಪಣಿಗಳು ಕೊನೆಗೆ ಮೂಲ ಲೇಖನದ ಸುಮಾರು ಮೂರು ಪಟ್ಟು ಉದ್ದವಾದವು. ಕೆಳಗೆ ಎ.ಎ.ಎಲ್. ಎಂಬ ಮೂರು ಅಕ್ಷರಗಳ ಸಹಿ, ಅಷ್ಟೇ.

ಗೆಳತಿ ನನಗೆ ತೋರಿಸಿದ್ದು ಕೊನೆಯ ಟಿಪ್ಪಣಿ ಜಿ ಯಲ್ಲಿರುವ ಕೋಷ್ಟಕ. ಬರ್ನೂಲಿ ಸಂಖ್ಯೆಯೊಂದನ್ನು ಈ ಯಂತ್ರ ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಇಪ್ಪತ್ತೈದು ಹೆಜ್ಜೆಗಳಲ್ಲಿ ಅದು ಬಿಡಿಸಿಡುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಅಂಕಣಗಳು. ಮೊದಲು ಹೆಜ್ಜೆಯ ಸಂಖ್ಯೆ. ನಂತರ ಅದು ಗುಣಾಕಾರವೋ ಭಾಗಾಕಾರವೋ ಎಂಬುದು. ಆಮೇಲೆ ಯಾವ ವೇರಿಯಬಲ್‌ಗಳನ್ನು ತೆಗೆದುಕೊಳ್ಳಬೇಕು, ಫಲಿತಾಂಶ ಯಾವ ವೇರಿಯಬಲ್‌ಗೆ ಹೋಗಬೇಕು ಎಂಬುದು. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ: ಈ ಹೆಜ್ಜೆಯಿಂದ ಯಾವುದರ ಬೆಲೆ ಬದಲಾಯಿತು? ಬದಲಾದದ್ದನ್ನಷ್ಟೇ ಅಲ್ಲ, ಬದಲಾಗದೆ ಉಳಿದದ್ದನ್ನೂ ಹಾಗೇ ಇದೆ ಎಂದು ಅಲ್ಲಿ ಬರೆದಿದ್ದಾರೆ. ಒಂದು ವೇರಿಯಬಲ್‌ಗೆ ಹೊಸ ಬೆಲೆ ಬಂದಾಗಲೆಲ್ಲ ಅದರ ಮೇಲಿನ ಪುಟ್ಟ ಅಂಕಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುತ್ತದೆ. ಕೊನೆಗೆ, ಆ ಹೆಜ್ಜೆಯ ಫಲಿತಾಂಶ ಬೀಜಗಣಿತದ ರೂಪದಲ್ಲಿ ಏನಾಗಿರಬೇಕು ಎಂಬ ಅಂಕಣ.

ಏನು ಕೊಡಬೇಕು, ಏನು ಬರುತ್ತದೆ, ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ. ಇಂದು ಎಐ ಏಜೆಂಟ್‌ಗಾಗಿ ಒಂದು ಟೂಲ್‌ನ ವಿವರಣೆ ಬರೆಯುವವರು ಉತ್ತರಿಸಬೇಕಾದ ಪ್ರಶ್ನೆಗಳೂ ಇವೇ. ನಾನು ಬಿಟ್ಟಿದ್ದು ಆ ಬದಲಾವಣೆಯ ಅಂಕಣವನ್ನು. ನಲವತ್ತು ಹೆಸರುಗಳು ಹೋದದ್ದು ಅಲ್ಲಿಂದಲೇ.

ಆ ಕೋಷ್ಟಕದಲ್ಲೂ ಒಂದು ತಪ್ಪಿದೆ. ನಾಲ್ಕನೇ ಹೆಜ್ಜೆ ಭಾಗಾಕಾರ. ಅಚ್ಚಾಗಿರುವಂತೆ ನೋಡಿದರೆ ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬುದು ತಿರುಗುಮುರುಗಾಗಿದೆ. ಆದರೆ ಅದೇ ಸಾಲಿನ ಫಲಿತಾಂಶದ ಅಂಕಣದಲ್ಲಿ ಸರಿಯಾದ ಭಿನ್ನರಾಶಿಯೇ ಇದೆ. ಹಾಗಾಗಿ ಗಮನವಿಟ್ಟು ಓದಿದ ಮನುಷ್ಯನಿಗೆ ಎರಡೂ ತಾಳೆಯಾಗುತ್ತಿಲ್ಲ ಎಂದು ತಿಳಿಯುತ್ತದೆ. ತಪ್ಪೇ ಆಗದಂತೆ ಬರೆಯಲು ಯಾರಿಂದಲೂ ಆಗದು. ತಪ್ಪಾದರೆ ಸಿಕ್ಕಿಬೀಳುವಂತೆ ಬರೆಯಲು ಆಗುತ್ತದೆ. ಟೂಲ್‌ನ ವಿವರಣೆಯ ಜೊತೆಗೆ ಒಂದು ಉದಾಹರಣೆ ಮತ್ತು ಅದರ ಸರಿಯುತ್ತರ ಕೊಡಬೇಕು ಎನ್ನುವುದು ಇದಕ್ಕೇ.

ಏಡಾ ಮೊದಲ ಪ್ರೋಗ್ರಾಮರ್ ಹೌದೋ ಅಲ್ಲವೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೂ ಮೊದಲೇ ಬ್ಯಾಬೇಜ್ ಅಂಥ ಲೆಕ್ಕದ ಹೆಜ್ಜೆಗಳನ್ನು ಬರೆದಿಟ್ಟಿದ್ದರು, ಪ್ರಕಟಿಸಿರಲಿಲ್ಲ. ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ತಾವೇ ಮಾಡಿಕೊಟ್ಟೆ ಎಂದೂ, ಅದರಲ್ಲಿ ತಾವು ಮಾಡಿದ್ದ ದೊಡ್ಡ ತಪ್ಪನ್ನು ಏಡಾ ಹಿಡಿದು ವಾಪಸ್ ಕಳಿಸಿದರು ಎಂದೂ ಬ್ಯಾಬೇಜ್ 1864ರ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ನನಗೆ ಆ ಪಟ್ಟ ಯಾರಿಗೆ ಸಿಗಬೇಕು ಎಂಬುದಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ: ಕಟ್ಟಿದವರ ತಲೆಯೊಳಗೆ ಇದ್ದದ್ದನ್ನು, ಅವರನ್ನು ಎಂದೂ ನೋಡದ ಓದುಗನೂ ಹಿಡಿದುಕೊಳ್ಳುವಂತೆ ಹೊರಗೆ ತಂದವರು ಏಡಾ.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಯಂತ್ರದಿಂದ ಏನು ಆಗುವುದಿಲ್ಲ ಎಂದು ಬರೆದರು. ಸ್ವರಗಳ ಸಂಬಂಧವನ್ನು ಅದಕ್ಕೆ ತಿಳಿಯುವ ರೂಪದಲ್ಲಿ ಕೊಟ್ಟರೆ ಅದು ಸಂಗೀತವನ್ನೂ ಹೆಣೆಯಬಹುದು ಎನ್ನುವಷ್ಟು ದೂರ ಅವರ ಕಲ್ಪನೆ ಹೋಗಿತ್ತು. ಹಾಗಿದ್ದೂ, ಅದು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ನಾವು ಆದೇಶಿಸಲು ಬಲ್ಲದ್ದನ್ನಷ್ಟೇ ಮಾಡುತ್ತದೆ ಎಂಬ ಎಚ್ಚರವನ್ನು ಸ್ಪಷ್ಟವಾಗಿ ದಾಖಲಿಸಿದರು. ಇಂಥ ಹೊಸ ಯಂತ್ರವನ್ನು ಜನ ಮೊದಲು ಅತಿಯಾಗಿ ಹೊಗಳುತ್ತಾರೆ, ನಿರಾಸೆಯಾದಾಗ ಅದರ ನಿಜವಾದ ಬೆಲೆಯನ್ನೂ ಇಳಿಸಿಬಿಡುತ್ತಾರೆ ಎಂದೂ ಎಚ್ಚರಿಸಿದರು. ತಾವು ಪ್ರೀತಿಸುವ ಯಂತ್ರದ ಮಿತಿಯನ್ನು ಹೀಗೆ ಬರೆಯಲು ಪ್ರಾಮಾಣಿಕತೆ ಬೇಕು. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಮಿತಿಗಳು ಎಂಬ ತಲೆಬರಹದ ಕೆಳಗೆ ನಾವು ಬರೆಯುವ ಎರಡು ಸಾಲು ನೆನೆದರೆ ನಾಚಿಕೆಯಾಗುತ್ತದೆ.

ಈ ಬದುಕು ಸುಖವಾಗಿ ಮುಗಿಯಲಿಲ್ಲ. 1843ರ ನಂತರ ಅಂಥ ಇನ್ನೊಂದು ಲೇಖನವನ್ನು ಏಡಾ ಪ್ರಕಟಿಸಲಿಲ್ಲ. ಯಂತ್ರ ಕಟ್ಟಿಸುವ ವ್ಯವಹಾರವನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರೂ ಬ್ಯಾಬೇಜ್ ಒಪ್ಪಲಿಲ್ಲ, ಆದರೂ ಗೆಳೆತನ ಉಳಿಯಿತು. ಕೊನೆಯ ವರ್ಷಗಳಲ್ಲಿ ಕುದುರೆ ಜೂಜಿಗೆ ಬಿದ್ದು ಸಾಲ ಮಾಡಿಕೊಂಡರು, ಮನೆತನದ ಒಡವೆಗಳನ್ನು ಗಿರವಿ ಇಟ್ಟರು. ಗರ್ಭಕೋಶದ ಕ್ಯಾನ್ಸರ್‌ನಿಂದ ಬಹಳ ನರಳಿ 1852ರ ನವೆಂಬರ್ 27ರಂದು ತೀರಿಕೊಂಡರು. ವಯಸ್ಸು ಮೂವತ್ತಾರು. ತಂದೆ ಸತ್ತದ್ದೂ ಅದೇ ಮೂವತ್ತಾರನೇ ವಯಸ್ಸಿನಲ್ಲಿ. ನೆನಪೇ ಇರದ ತಂದೆಯ ಪಕ್ಕದಲ್ಲೇ, ಅವರ ಇಚ್ಛೆಯಂತೆ, ಹಕ್ನಾಲ್ ಎಂಬ ಊರಿನ ಚರ್ಚಿನಲ್ಲಿ ಸಮಾಧಿಯಾಯಿತು. 1871ರಲ್ಲಿ ಬ್ಯಾಬೇಜ್ ಕೂಡ ಹೋದರು. ಅನಲಿಟಿಕಲ್ ಎಂಜಿನ್ ಪೂರ್ಣವಾಗಿ ಎಂದೂ ತಯಾರಾಗಲಿಲ್ಲ.

ಯಂತ್ರ ಉಳಿಯಲಿಲ್ಲ, ಅದರ ವಿವರಣೆ ಉಳಿಯಿತು. ನೂರು ವರ್ಷ ಕಳೆದು ನಿಜವಾದ ಕಂಪ್ಯೂಟರ್‌ಗಳು ಬಂದ ಮೇಲೆ, 1950ರಲ್ಲಿ ಅಲನ್ ಟ್ಯೂರಿಂಗ್ ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಬಂಧ ಬರೆದಾಗ ಲೇಡಿ ಲವ್‌ಲೇಸ್ ಅವರ ಆಕ್ಷೇಪಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟರು. 1953ರಲ್ಲಿ ಆ ಟಿಪ್ಪಣಿಗಳು ಕಂಪ್ಯೂಟರ್ ಕುರಿತ ಪುಸ್ತಕವೊಂದರಲ್ಲಿ ಮತ್ತೆ ಅಚ್ಚಾದವು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಪ್ರೋಗ್ರಾಮಿಂಗ್ ಭಾಷೆಗೆ ಏಡಾ ಎಂದು ಹೆಸರಿಟ್ಟಿತು. 1980ರಲ್ಲಿ ಬಂದ ಅದರ ಮಾನದಂಡಕ್ಕೆ ಕೊಟ್ಟ ಸಂಖ್ಯೆ 1815, ಅವರು ಹುಟ್ಟಿದ ವರ್ಷ.

ರಿವ್ಯೂ ಹೇಗೋ ಮುಗಿಯಿತು. ಅದಾದ ಮೇಲಿನ ಭಾನುವಾರ ನಾನು ಗೆಳತಿಯ ಹತ್ತಿರ ಹೋಗಿ, ಕೇಳಿ ಎಂದು ಹೇಳಿ ಕೂತೆ. ಅವಳು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಅಂಕಣಗಳನ್ನು ಮಾಡಿದಳು. ಒಂದೊಂದು ಟೂಲ್‌ಗೂ ಅವಳ ಪ್ರಶ್ನೆ, ನನ್ನ ಉತ್ತರ. ದಿನಾಂಕವನ್ನು ಯಾವ ರೂಪದಲ್ಲಿ ಕೊಡಬೇಕು? ದಿನ ಮೊದಲೋ ತಿಂಗಳು ಮೊದಲೋ? ಪುಸ್ತಕ ಸಿಗದಿದ್ದರೆ ಏನು ಬರುತ್ತದೆ? ಎರಡು ಸಲ ಕರೆದರೆ ಎರಡು ಸಲ ಬದಲಾಗುತ್ತದೆಯೇ? ಈ ಟೂಲನ್ನು ಯಾವಾಗ ಬಳಸಬಾರದು? ಐದರಲ್ಲಿ ಮೂರಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕೋಡ್ ಬರೆದವನು ನಾನೇ! ಎರಡು ಕಡೆ ಕೋಡನ್ನೇ ತಿದ್ದಬೇಕಾಯಿತು. ಖಾಲಿ ಬಿಟ್ಟರೆ ಹಳೆಯದು ಹಾಗೇ ಉಳಿಯುವಂತೆ ಮಾಡಿ, ಅದನ್ನು ವಿವರಣೆಯಲ್ಲೂ ಬರೆದೆವು. ಒಂದೇ ಸಾಲಿದ್ದದ್ದು ಒಂಬತ್ತು ಸಾಲಾಯಿತು. ಮತ್ತೆ ಅದೇ ನಲವತ್ತು ಪುಸ್ತಕಗಳ ಕೆಲಸ ಕೊಟ್ಟೆವು. ಈ ಸಲ ಒಂದು ಹೆಸರೂ ಅಳಿಯಲಿಲ್ಲ. ಆ ಹೆಸರಿನ ಪುಸ್ತಕದ ಎರಡು ಪ್ರತಿಗಳಿವೆ, ಯಾವುದರ ದಿನಾಂಕ ಬದಲಿಸಲಿ ಎಂದು ಒಂದು ಕಡೆ ಏಜೆಂಟ್ ನಿಂತು ಕೇಳಿತು ಕೂಡ. ಎರಡು ಪ್ರತಿ ಸಿಕ್ಕರೆ ಕೇಳಬೇಕು ಎಂದು ಬರೆಸಿದವಳು ಅವಳೇ.

ಕ್ಯಾಂಪಸ್ ಇಂಟರ್‌ವ್ಯೂಗೆ ಓದುತ್ತಿರುವ ನಾವೆಲ್ಲ ರೆಸ್ಯೂಮೆಯಲ್ಲಿ ಭಾಷೆಗಳ ಪಟ್ಟಿ ಹಾಕುತ್ತೇವೆ. ಮಾಡಿದ್ದನ್ನು ಅಚ್ಚುಕಟ್ಟಾಗಿ ಬರೆದು ವಿವರಿಸಬಲ್ಲೆ ಎಂಬುದು ಅಲ್ಲಿ ಒಂದು ಕೌಶಲವಾಗಿ ಬರುವುದೇ ಇಲ್ಲ. ನಾವು ಬರೆದದ್ದನ್ನು ಇಷ್ಟು ದಿನ ಮನುಷ್ಯರು ಓದುತ್ತಿದ್ದರು. ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತಿದ್ದರು, ಇಲ್ಲವೇ ಊಹಿಸಿಕೊಂಡು ಸುಧಾರಿಸುತ್ತಿದ್ದರು. ಈಗ ಓದುವವರಲ್ಲಿ ಯಂತ್ರಗಳೂ ಸೇರಿವೆ. ಊಹೆ ಅವೂ ಮಾಡುತ್ತವೆ, ಆದರೆ ಊಹೆ ತಪ್ಪಾದಾಗ ನಮ್ಮ ಮುಖ ನೋಡಿ ಅನುಮಾನಪಡುವುದಿಲ್ಲ.

ಮುಂದಿನ ಸೆಮಿಸ್ಟರ್‌ಗೆ ಹೊಸ ಪ್ರಾಜೆಕ್ಟ್, ಅದೇ ತಂಡ. ಕೆಲಸ ಹಂಚುವಾಗ ಡಾಕ್ಯುಮೆಂಟೇಷನ್ ನನಗಿರಲಿ ಎಂದು ಕೇಳಿದೆ. ಗೆಳತಿ ಕೋರ್ ಮಾಡ್ಯೂಲ್ ತೆಗೆದುಕೊಂಡಿದ್ದಾಳೆ. ಅವಳು ಕೋಡ್ ಬರೆಯುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದೇನೆ. ಅವಳು ಇಲ್ಲಿಯವರೆಗೆ ಒಮ್ಮೆಯೂ ನಕ್ಕು ಕಳಿಸಿಲ್ಲ.